ಕೆಂಚನ ತಟ್ಟೆ, ಕೆಂಚನ ಚೆಂಡು

ನಾಯಿಮರಿ ತಂದವರಿಗೆ ಸಲಹೆ ಕೊಡುವವರು ಬಹಳ ಜನ. ಲಸಿಕೆ ಯಾವಾಗ ಹಾಕಿಸಬೇಕು, ಜಂತುಹುಳದ ಔಷಧಿ ಯಾವಾಗ ಕೊಡಬೇಕು, ಉಚ್ಚೆಗೆ ಎಷ್ಟು ಹೊತ್ತಿಗೆ ಹೊರಗೆ ಕರೆದುಕೊಂಡು ಹೋಗಬೇಕು, ಎಲ್ಲಾ ಹೇಳುತ್ತಾರೆ. ಊಟದ ತಟ್ಟೆ ಹತ್ತಿರ ಹೋದರೆ ಗುರ್ ಅನ್ನುವ ಮರಿಯನ್ನು ಏನು ಮಾಡಬೇಕು ಅಂತ ಕೇಳಿದರೆ ಮಾತ್ರ "ಎರಡು ಬಿಡಿ, ಸರಿಹೋಗುತ್ತೆ" ಅಂದುಬಿಡುತ್ತಾರೆ. ನಮ್ಮ ಕೆಂಚನಿಗೆ ಹೊಡೆಯದೆ, ಬೈಯದೆ ನಾವು ಇದನ್ನು ಹೇಗೆ ನಿಭಾಯಿಸಿದೆವು ಅಂತ ಬರೆದಿಡಬೇಕು ಅನಿಸಿತು. ಯಾಕೆಂದರೆ ಪ್ರೀತಿಯಿಂದ ತಂದ ಮರಿಯನ್ನು ಇದೇ ಕಾರಣಕ್ಕೆ ಮತ್ತೆ ಬೀದಿಗೆ ಬಿಟ್ಟವರನ್ನು ನಾನು ನೋಡಿದ್ದೇನೆ.

ಕೆಂಚ ಬೀದಿ ನಾಯಿಯ ಮರಿ. ಮೈಸೂರಿನ ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಖಾಲಿ ಸೈಟಿದೆ. ಅಲ್ಲಿ ಹುಟ್ಟಿದ ಮರಿಗಳಲ್ಲಿ ಇವನೇ ಸಣ್ಣವನು. ಯಾರಾದರೂ ಅನ್ನ ತಂದು ಸುರಿದರೆ ಉಳಿದ ಮರಿಗಳು ಇವನನ್ನು ತಳ್ಳಿ ತಾವೇ ತಿಂದುಬಿಡುತ್ತಿದ್ದವು. ಸಿಕ್ಕಿದ್ದನ್ನು ಬಾಯಿಗೆ ತುಂಬಿಕೊಂಡು ಕಲ್ಲುಚಪ್ಪಡಿಯ ಸಂದಿಗೆ ಓಡಿದರೆ ಇವನಿಗೆ ಊಟ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಗೆ ಬಂದ ಮೇಲೆ ಹೊಟ್ಟೆ ತುಂಬಾ ಸಿಕ್ಕಿತು. ಅಭ್ಯಾಸ ಹೋಗಲಿಲ್ಲ. ಹಾಗಂತ ಬೀದಿ ಮರಿಗಳಷ್ಟೇ ಹೀಗೆ ಮಾಡುತ್ತವೆ ಅಂದುಕೊಳ್ಳಬೇಡಿ. ಲ್ಯಾಬ್ರಡಾರ್ ಇರಲಿ, ಮುಧೋಳ ಇರಲಿ, ಪಮೇರಿಯನ್ ಇರಲಿ, ಯಾವ ಜಾತಿಯಲ್ಲೂ ಇದು ಕಾಣಿಸಿಕೊಳ್ಳಬಹುದು. ತನ್ನ ಪಾಲನ್ನು ಕಾಯ್ದುಕೊಳ್ಳುವುದು ನಾಯಿಗೆ ಹುಟ್ಟಿನಿಂದಲೇ ಬಂದದ್ದು. ಕೆಲವಕ್ಕೆ ಅದು ಜಾಸ್ತಿ ಇರುತ್ತದೆ ಅಷ್ಟೇ.

ಐದು ತಿಂಗಳಾಗುವ ಹೊತ್ತಿಗೆ ಕೆಂಚ ಗುರ್ ಅನ್ನಲು ಶುರು ಮಾಡಿದ. ಆದರೆ ಎಲ್ಲಕ್ಕಿಂತ ಮೊದಲು ಕಂಡದ್ದು ಗುರ್ ಅಲ್ಲ, ತಿನ್ನುವ ವೇಗ. ನಾನು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರೆ ಸಾಕು, ನಿಧಾನವಾಗಿ ತಿನ್ನುತ್ತಿದ್ದವನು ಗಬಗಬ ನುಂಗುತ್ತಿದ್ದ. ಒಂದು ಹೆಜ್ಜೆ ಮುಂದಿಟ್ಟರೆ ಬಾಯಿ ಅನ್ನದಲ್ಲೇ ಇರುತ್ತಿತ್ತು, ಅಗಿಯುವುದು ನಿಂತುಹೋಗುತ್ತಿತ್ತು. ಮೈಯೆಲ್ಲ ಬಿಗಿ. ಅಲ್ಲಾಡುತ್ತಿದ್ದ ಬಾಲ ಕೂಡ ಬಿಗಿ. ಮೂತಿ ತಟ್ಟೆಯ ಮೇಲೆ, ಕಣ್ಣು ಮಾತ್ರ ವಾರೆಯಾಗಿ ನನ್ನ ಕಡೆ. ಕಣ್ಣಂಚಿನ ಬಿಳಿ ಎದ್ದು ಕಾಣುತ್ತಿತ್ತು. ಅದಾದ ಮೇಲೆ ಗಂಟಲೊಳಗೆ ಸಣ್ಣ ಗುರ್. ಅದಕ್ಕೂ ನಾವು ನಿಲ್ಲದಿದ್ದರೆ ಮೇಲ್ತುಟಿ ಎತ್ತಿ ಹಲ್ಲು ತೋರಿಸುವುದು, ಆಮೇಲೆ ಗಾಳಿಯಲ್ಲಿ ಕಚಕ್ ಅಂತ ಬಾಯಿ ಹಾಕುವುದು, ಕಟ್ಟಕಡೆಗೆ ಕಚ್ಚುವುದು. ನಾಯಿಗಳು ಸಾಮಾನ್ಯವಾಗಿ ಹೀಗೇ ಒಂದೊಂದೇ ಮೆಟ್ಟಿಲು ಹತ್ತುತ್ತವೆ. ಬಹಳ ಜನ ಮೊದಲ ಮೂರು ಮೆಟ್ಟಿಲನ್ನು ನೋಡುವುದೇ ಇಲ್ಲ. "ಸುಮ್ನೆ ಇತ್ತು, ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು" ಅನ್ನುತ್ತಾರೆ. ಇದ್ದಕ್ಕಿದ್ದ ಹಾಗೆ ಕಚ್ಚುವ ನಾಯಿ ತೀರಾ ಕಮ್ಮಿ.

ಮನೆಯಲ್ಲಿ ಎರಡನೇ ಕ್ಲಾಸಿನ ಮಗಳಿದ್ದಾಳೆ. ಹಾಗಾಗಿ ನನಗೆ ಭಯ ಆಗಿದ್ದು ನಿಜ. ಪಕ್ಕದ ಮನೆಯವರು ಮೂಗಿನ ಮೇಲೆ ತಟ್ಟಿ ಅಂದರು. ಇನ್ನೊಬ್ಬರು ಮರಿ ತಿನ್ನುವಾಗ ದಿನಾ ತಟ್ಟೆಯೊಳಗೆ ಕೈ ಹಾಕಿ ಕಲಸಬೇಕು, ಆಗ ರೂಢಿ ಆಗುತ್ತೆ ಅಂದರು. ಯಾರದೋ ಮಾತು ಕೇಳಿ ಒಬ್ಬ ತರಬೇತುದಾರರನ್ನು ಕರೆಸಿದೆವು. ಅವರು ಬಂದವರೇ, ಗುರ್ ಅಂದಾಗ ತಟ್ಟೆ ಕಿತ್ತುಕೊಂಡು, ಮರಿಯನ್ನು ನೆಲಕ್ಕೆ ಅಂಗಾತ ಒತ್ತಿ ಹಿಡಿಯಬೇಕು, ಮನೆಗೆ ಯಜಮಾನ ಯಾರು ಅಂತ ಅದಕ್ಕೆ ಗೊತ್ತಾಗಬೇಕು ಅಂದರು. ಅತ್ತೆ ಕೇಳಿಸಿಕೊಂಡು, "ಅಷ್ಟು ಸಣ್ಣದನ್ನ ನೆಲಕ್ಕೆ ಒತ್ತೋದಾ? ಬೇಡಪ್ಪಾ" ಅಂದುಬಿಟ್ಟರು. ಕಾಫಿ ಕೊಟ್ಟು, ಬಂದದ್ದಕ್ಕೆ ದುಡ್ಡು ಕೊಟ್ಟು ಕಳಿಸಿದೆವು.

ಈ ಯಜಮಾನಿಕೆಯ ಮಾತಿಗೆ ಒಂದು ಹಿನ್ನೆಲೆ ಇದೆ. 1947ರಲ್ಲಿ ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನು ನೋಡಿ, ಅವು ಮೇಲುಗೈಗಾಗಿ ಕಾದಾಡುತ್ತವೆ ಅಂತ ಬರೆದರು. ಅದನ್ನೇ ನಾಯಿಗಳಿಗೂ ಹಚ್ಚಿದರು. ಆದರೆ ಕಾಡಿನಲ್ಲಿ ತೋಳದ ಹಿಂಡು ಅಂದರೆ ಅಪ್ಪ, ಅಮ್ಮ, ಮಕ್ಕಳ ಸಂಸಾರ. ಕಾಡು ತೋಳಗಳನ್ನು ವರ್ಷಗಟ್ಟಲೆ ನೋಡಿದ ಅಮೆರಿಕದ ಡೇವಿಡ್ ಮೀಚ್, ಹಿಂಡಿನ ನಾಯಕ ಎಂಬ ಆ ಹಳೆಯ ಲೆಕ್ಕಾಚಾರ ಸರಿಯಿಲ್ಲ ಅಂತ 1999ರಲ್ಲೇ ಬರೆದಿದ್ದಾರೆ. ಹಾಗಿದ್ದೂ ನಮ್ಮ ಕಡೆ ಎಷ್ಟೋ ಮರಿಗಳು ಇವತ್ತಿಗೂ ಆ ಹೆಸರಿನಲ್ಲಿ ಏಟು ತಿನ್ನುತ್ತಿವೆ. ಇದನ್ನು ನೆನೆದರೆ ನನಗೆ ಸಂಕಟ ಆಗುತ್ತದೆ.

ನಮಗೆ ದಾರಿ ತೋರಿಸಿದ್ದು ಕೆಂಚನಿಗೆ ಲಸಿಕೆ ಹಾಕುವ ಡಾಕ್ಟರಮ್ಮ. ಅವರು ಮೊದಲು ಮೈ ಪರೀಕ್ಷೆ ಮಾಡಿದರು. ಹೊಟ್ಟೆಯಲ್ಲಿ ಹುಳ ಇದ್ದರೆ, ಕಿವಿ ನೋಯುತ್ತಿದ್ದರೆ, ಊಟ ಸಾಲದಿದ್ದರೆ ಇದೆಲ್ಲ ಜಾಸ್ತಿ ಆಗುತ್ತದಂತೆ. ನಾಲ್ಕರಿಂದ ಆರು ತಿಂಗಳ ಮಧ್ಯೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುತ್ತದೆ, ಒಸಡು ನೋಯುತ್ತದೆ. ಕೆಂಚನ ತೂಕಕ್ಕೆ ಊಟ ಸ್ವಲ್ಪ ಕಮ್ಮಿ ಆಗುತ್ತಿತ್ತು. ಬೆಳಗ್ಗೆ, ಸಂಜೆ ಎರಡು ಸಲ ಇದ್ದದ್ದನ್ನು ಮೂರು ಸಲ ಮಾಡಿಸಿದರು.

ಆಮೇಲೆ ಅವರು ಹೇಳಿದ ಮಾತು ನನ್ನ ಮನಸ್ಸಲ್ಲಿ ಉಳಿಯಿತು. "ಗುರ್ ಅಂದ್ರೆ ಅದು ನಿಮ್ಮ ಹತ್ರ ಮಾತಾಡ್ತಾ ಇದೆ ಅಂತ. ಹೊಡೆದ್ರೆ ಮಾತಾಡೋದು ಬಿಡುತ್ತೆ, ಹೆದರಿಕೆ ಹಾಗೇ ಇರುತ್ತೆ. ಮುಂದಿನ ಸಲ ಹೇಳದೆ ಕಚ್ಚುತ್ತೆ." ಅಂದರೆ ನಾವು ಬದಲಾಯಿಸಬೇಕಾದದ್ದು ಗುರ್ ಅನ್ನುವುದನ್ನಲ್ಲ. ಮನುಷ್ಯರು ಹತ್ತಿರ ಬಂದರೆ ಏನೋ ಕಿತ್ತುಕೊಳ್ಳುತ್ತಾರೆ ಅನ್ನುವ ಅವನ ನಂಬಿಕೆಯನ್ನು. ಅತ್ತೆಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. "ಪಂಕ್ತಿಲಿ ಕೂತು ಉಣ್ತಾ ಇರೋವಾಗ ಎಲೆ ಎಳೆದ್ರೆ ನಮಗೂ ಸಿಟ್ಟು ಬರಲ್ವೇನಮ್ಮಾ" ಅಂದರು. ಅಷ್ಟೇ, ಅವತ್ತಿನಿಂದ ಅತ್ತೆ ಪೂರ್ತಿ ಕೆಂಚನ ಪಕ್ಷ.

ಕಲಿಸುವುದಕ್ಕಿಂತ ಮೊದಲು ಮನೆಯನ್ನು ಸರಿಮಾಡಿಕೊಂಡೆವು. ಅಡುಗೆಮನೆಯ ಹಾದಿಯಲ್ಲಿ ಇಡುತ್ತಿದ್ದ ತಟ್ಟೆಯನ್ನು ಹಿತ್ತಲ ವರಾಂಡಾಕ್ಕೆ ತಂದೆವು. ಅಲ್ಲಿ ಜನರ ಓಡಾಟ ಇಲ್ಲ. ಮಧ್ಯೆ ಮೊಣಕಾಲೆತ್ತರದ ಒಂದು ಮರದ ಗೇಟು ಮಾಡಿಸಿದೆವು. ಕೆಂಚ ತಿನ್ನುವಾಗ ಯಾರೂ ಆ ಗೇಟು ದಾಟುವಂತಿಲ್ಲ. ಬಿದ್ದಿರುವ ಆಟದ ಸಾಮಾನೆಲ್ಲ ಎತ್ತಿ ಮೇಲಿಟ್ಟೆವು. ಮಗಳಿಗೆ ಒಂದೇ ನಿಯಮ: ಕೆಂಚನ ಬಾಯಲ್ಲಿ ಏನಾದರೂ ಇದ್ದರೆ ಅವಳು ಮುಟ್ಟಬಾರದು, ಅಮ್ಮನನ್ನೋ ಅಜ್ಜಿಯನ್ನೋ ಕರೆಯಬೇಕು. ಅದು ಅವಳದೇ ಪೆನ್ಸಿಲ್ ಡಬ್ಬಿ ಆಗಿದ್ದರೂ ಸರಿ. ಕೆಲವು ವಾರ ಬೇರೇನೂ ಮಾಡಲಿಲ್ಲ. ನೆಮ್ಮದಿಯಾಗಿ ತಿನ್ನಲು ಬಿಟ್ಟೆವು. ಕಲಿಕೆ ಇನ್ನೂ ಶುರುವೇ ಆಗಿರಲಿಲ್ಲ, ಆಗಲೇ ಅರ್ಧ ಬಿಗಿ ಇಳಿದಿತ್ತು. ಬಹಳ ಮನೆಗಳಿಗೆ ಇಷ್ಟೇ ಸಾಕಾಗಬಹುದು ಅಂತ ನನಗೆ ಅನಿಸುತ್ತದೆ.

ತಟ್ಟೆಯ ಪಾಠ ನೋಡಲು ಬಹಳ ಸರಳ. ಕೋಳಿ ಈಲಿಯನ್ನು ಉಪ್ಪು, ಈರುಳ್ಳಿ ಯಾವುದೂ ಹಾಕದೆ ಬೇಯಿಸಿ, ಕಡಲೆಕಾಳಿನಷ್ಟು ಸಣ್ಣ ಚೂರು ಮಾಡಿ ಡಬ್ಬಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಈರುಳ್ಳಿ ನಾಯಿಗೆ ವಿಷ, ಆದ್ದರಿಂದ ನಮ್ಮ ಸಾರಿನ ಚೂರು ಬೇಡ. ತಟ್ಟೆಯಲ್ಲಿ ಇರುವುದು ಮಾಮೂಲಿ ಅನ್ನ, ಮೊಸರು, ಸ್ವಲ್ಪ ಕ್ಯಾರೆಟ್, ಮೊಟ್ಟೆ. ಕೈಯಲ್ಲಿರುವುದು ಅದಕ್ಕಿಂತ ರುಚಿ ಇರಬೇಕು, ಅದು ಮುಖ್ಯ. ಕೆಂಚ ಊಟ ಶುರು ಮಾಡಿದ ಮೇಲೆ ನಾನು ದೂರದಿಂದ ನಡೆದು ಬರುತ್ತಿದ್ದೆ. ಎಷ್ಟು ದೂರ? ಅವನು ಕಿವಿ ಕೂಡ ಅಲ್ಲಾಡಿಸದಷ್ಟು ದೂರ. ನಮ್ಮ ಮನೆಯಲ್ಲಿ ಅದು ಊಟದ ಕೋಣೆಯ ಬಾಗಿಲು. ಅಲ್ಲಿಂದಲೇ ಒಂದು ಚೂರನ್ನು ತಟ್ಟೆ ಹತ್ತಿರ ಬೀಳುವ ಹಾಗೆ ಎಸೆದು, ತಿರುಗಿ ಹೊರಟುಹೋಗುತ್ತಿದ್ದೆ. ಮಾತಿಲ್ಲ, ಮುದ್ದಿಲ್ಲ, ನಿಂತು ನೋಡುವುದೂ ಇಲ್ಲ.

ಹೊರಟುಹೋಗುವುದೇ ಇದರ ಗುಟ್ಟು. ಬಂದರು, ಒಳ್ಳೆಯದು ಕೊಟ್ಟರು, ಹೋದರು. ತನ್ನ ತಟ್ಟೆ ತನ್ನ ಮುಂದೆಯೇ ಇದೆ. ಇದು ಒಂದು ಊಟಕ್ಕೆ ಎರಡು ಮೂರು ಸಲ, ಅದಕ್ಕಿಂತ ಜಾಸ್ತಿ ಬೇಡ. ಮತ್ತೆ ಮತ್ತೆ ಹೋದರೆ ಊಟಕ್ಕೇ ಅಡ್ಡಿ. ಕೆಂಚ ನನ್ನ ಹೆಜ್ಜೆ ಸಪ್ಪಳಕ್ಕೆ ತಟ್ಟೆಯಿಂದ ತಲೆ ಎತ್ತಿ, ಮೈ ಸಡಿಲ ಬಿಟ್ಟು, ಬಾಲ ಅಲ್ಲಾಡಿಸಿ ನನ್ನ ಕೈ ನೋಡಲು ಶುರು ಮಾಡಿದ ಮೇಲೆಯೇ ನಾನು ಒಂದು ಹೆಜ್ಜೆ ಹತ್ತಿರ ಬಂದದ್ದು. ಒಂದೇ ಹೆಜ್ಜೆ. ಅಲ್ಲಿ ಮತ್ತೆ ಅದೇ ಪಾಠ. ಮೈ ಬಿಗಿ ಆಯಿತೋ, ಮರುದಿನ ಎರಡು ಹೆಜ್ಜೆ ಹಿಂದೆ. ಗುರ್ ಅನ್ನುವ ತನಕ ಕಾಯುವುದಲ್ಲ, ಗುರ್ ಬರದ ಹಾಗೆ ನೋಡಿಕೊಳ್ಳುವುದು.

ತಿನ್ನುವಾಗ ತಟ್ಟೆ ಎತ್ತಿಕೊಳ್ಳುವ ಬಗ್ಗೆಯೂ ಒಂದು ಮಾತು. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ನಾಯಿ ಸಾಕುವವರನ್ನು ಕೇಳಿ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಊಟದ ಮಧ್ಯೆ ತಟ್ಟೆ ತೆಗೆಯುವ ಮನೆಗಳಲ್ಲಿ ಈ ಸಿಟ್ಟು ಹೆಚ್ಚು ಕಂಡಿತ್ತು. ಊಟದ ಮಧ್ಯೆ ರುಚಿಯಾದದ್ದನ್ನು ಸೇರಿಸುವ ಮನೆಗಳಲ್ಲಿ, ಬಾಯಲ್ಲಿರುವುದನ್ನು ಬಿಡಲು ಕಲಿಸಿದ ಮನೆಗಳಲ್ಲಿ ಕಮ್ಮಿ. ತಟ್ಟೆಗೆ ಕೈ ಹಾಕಿ ಕಲಸಿ ಅಂದವರಿಗೆ ಇದನ್ನೇ ಹೇಳಿದೆ. ತಟ್ಟೆಯಿಂದ ತೆಗೆಯಬೇಡಿ, ತಟ್ಟೆಗೆ ಹಾಕಿ.

ಗೇಟಿನ ತನಕ ನಾನು ಬಂದು ಮುಟ್ಟುವ ಹೊತ್ತಿಗೆ ಕೆಂಚ ಆರು ತಿಂಗಳು ದಾಟಿದ್ದ. ಆಮೇಲೆ ಇದನ್ನೇ ನಮ್ಮನೆಯವರು ಮಾಡಬೇಕಾಯಿತು. ನಾನು ಬಂದರೆ ಖುಷಿಪಡುವ ಕೆಂಚ ಅವರು ಬಂದರೆ ಮತ್ತೆ ಬಿಗಿ! ನಾಯಿಗಳು ಹಾಗೆಯೇ, ಒಬ್ಬರಿಂದ ಕಲಿತದ್ದನ್ನು ಎಲ್ಲರಿಗೂ ಅನ್ವಯ ಮಾಡಿಕೊಳ್ಳುವುದಿಲ್ಲ. ಅವರು ಊಟದ ಕೋಣೆಯ ಬಾಗಿಲಿನಿಂದಲೇ ಶುರು ಮಾಡಿದರು. ಅದಾದ ಮೇಲೆ ಅತ್ತೆ. ಅತ್ತೆಗೆ ಮಂಡಿ ನೋವು, ನಡಿಗೆ ನಿಧಾನ. ಆ ನಿಧಾನವೇ ಕೆಂಚನಿಗೆ ಹಿಡಿಸಿತು. ನಮ್ಮ ಮನೆಯಲ್ಲಿ ಅವನು ಮೊದಲು ಪೂರ್ತಿ ನಂಬಿದ್ದು ಅತ್ತೆಯ ಕೈಯನ್ನು. ಮಗಳು ಗೇಟಿನ ಈಚೆ ನನ್ನ ಪಕ್ಕ ನಿಂತು ಚೂರು ಎಸೆಯುತ್ತಾಳೆ. ಅದರಾಚೆ ಅವಳನ್ನು ಇವತ್ತಿಗೂ ಬಿಟ್ಟಿಲ್ಲ. ಮಕ್ಕಳ ಮುಖ ನಾಯಿಯ ಮುಖದ ಎತ್ತರದಲ್ಲೇ ಇರುತ್ತದೆ. ಅಲ್ಲಿ ಧೈರ್ಯ ಮಾಡಿ ನೋಡೋಣ ಅನ್ನುವ ಮಾತೇ ಬೇಡ.

ಆಟದ ಸಾಮಾನಿನದು ಬೇರೆಯೇ ಕಥೆ. ಅಂಗಡಿಯಿಂದ ತಂದ ಗೊಂಬೆಗಳನ್ನು ಕೆಂಚ ಮೂಸಿಯೂ ನೋಡುವುದಿಲ್ಲ. ಅವನ ಆಸ್ತಿ ಅಂದರೆ ಮಗಳ ರಬ್ಬರ್ ಚೆಂಡು, ನಮ್ಮನೆಯವರ ಕಾಲುಚೀಲ, ಹಿತ್ತಲಲ್ಲಿ ಬಿದ್ದ ತೆಂಗಿನಕಾಯಿ ಸಿಪ್ಪೆ. ಯಾವುದನ್ನಾದರೂ ಕಚ್ಚಿಕೊಂಡು ದಿವಾನದ ಕೆಳಗೆ ನುಗ್ಗಿದರೆ ಮುಗಿಯಿತು, ಒಳಗಿಂದ ಗುರ್. ಅಟ್ಟಿಸಿಕೊಂಡು ಹೋದಷ್ಟೂ ಅವನಿಗೆ ಆ ಕಾಲುಚೀಲದ ಬೆಲೆ ಜಾಸ್ತಿ. ಇಷ್ಟು ಜನ ಬೆನ್ನು ಹತ್ತಿದ್ದಾರೆ ಅಂದಮೇಲೆ ಇದು ಭಾರಿ ವಸ್ತುವೇ ಇರಬೇಕು, ಅಲ್ವಾ?

ಹಾಗಾಗಿ ಅಟ್ಟಿಸಿಕೊಂಡು ಹೋಗುವುದನ್ನು ಎಲ್ಲರೂ ಬಿಟ್ಟೆವು. ದಿವಾನದ ಕೆಳಗೆ ತೆರವಿಲ್ಲದ ಹಾಗೆ ಎರಡು ಟ್ರಂಕು ತಳ್ಳಿದೆವು. ಒಗೆಯುವ ಬಟ್ಟೆಗೆ ಮುಚ್ಚಳ ಇರುವ ಬುಟ್ಟಿ ಬಂತು. ಆಮೇಲೆ "ಕೊಡು" ಆಟ ಶುರು. ಮೊದಲು ಬಾಯಲ್ಲಿ ಏನೂ ಇಲ್ಲದಿರುವಾಗ "ಕೊಡು" ಅಂತ ಹೇಳಿ ನೆಲಕ್ಕೆ ನಾಲ್ಕು ಈಲಿ ಚೂರು ಎರಚುವುದು. "ಕೊಡು" ಅಂದ ತಕ್ಷಣ ಅವನ ಕಣ್ಣು ನೆಲದ ಕಡೆ ಹೋಗುವ ತನಕ ಇಷ್ಟೇ. ಆಮೇಲೆ ಅವನಿಗೆ ಅಷ್ಟೇನೂ ಇಷ್ಟವಿಲ್ಲದ ಹಳೇ ಹಗ್ಗ ಬಾಯಲ್ಲಿ ಇರುವಾಗ ಅದೇ ಮಾತು. ಹಗ್ಗ ಕೆಳಗೆ ಬೀಳುತ್ತದೆ, ಚೂರು ತಿನ್ನುತ್ತಾನೆ. ಅವನು ತಿನ್ನುತ್ತಿರುವಾಗ ನಾನು ಹಗ್ಗ ಎತ್ತಿ, ನೋಡಿ, ಮತ್ತೆ ಅವನಿಗೇ ಕೊಟ್ಟುಬಿಡುತ್ತೇನೆ. ಬಿಟ್ಟರೆ ತಿಂಡಿಯೂ ಸಿಗುತ್ತದೆ, ವಸ್ತುವೂ ವಾಪಸ್ ಬರುತ್ತದೆ. ಹತ್ತರಲ್ಲಿ ಒಂಬತ್ತು ಸಲ ಹೀಗಾದರೆ, ನಿಜವಾಗಿಯೂ ಕಿತ್ತುಕೊಳ್ಳಲೇಬೇಕಾದ ಆ ಒಂದು ಸಲ ಅವನು ಜಗಳಕ್ಕೆ ಬರುವುದಿಲ್ಲ. ಚೂರನ್ನು ಬಾಯಿ ಪಕ್ಕದಲ್ಲೇ ಹಾಕಬಾರದು, ಒಂದು ಮಾರು ದೂರ ಎರಚಬೇಕು. ಹತ್ತಿರ ಹಾಕಿದರೆ ಚೂರು, ಹಗ್ಗ ಎರಡನ್ನೂ ಕಾಯುತ್ತಾ ನಿಲ್ಲುತ್ತಾನೆ.

ಚೆಂಡಿಗೆ ಇನ್ನೂ ಸುಲಭ ದಾರಿ ಸಿಕ್ಕಿತು. ಒಂದೇ ಥರದ ಎರಡು ಚೆಂಡು ತಂದೆವು. ಒಂದನ್ನು ಕಚ್ಚಿಕೊಂಡು ಬಂದಾಗ ಇನ್ನೊಂದನ್ನು ನಾನು ನೆಲಕ್ಕೆ ಕುಟ್ಟಿ ಆಡುತ್ತಿದ್ದೆ. ಬಾಯಲ್ಲಿದ್ದದ್ದನ್ನು ಉದುರಿಸಿ ಇದಕ್ಕೆ ಓಡಿ ಬರುತ್ತಿದ್ದ. ಈಗ ಚೆಂಡು ತಂದು ನನ್ನ ಕಾಲ ಹತ್ತಿರವೇ ಹಾಕುತ್ತಾನೆ, "ಎಸಿ" ಅನ್ನುವ ಹಾಗೆ ಬೊಗಳುತ್ತಾನೆ.

ನಡುವೆ ಒಂದು ಕೆಟ್ಟ ದಿನ ಬಂತು. ಸಂಜೆ ಸುತ್ತಾಡಿಸುವಾಗ ಮಾಂಸದ ಅಂಗಡಿ ಬಳಿ ಕೆಂಚನಿಗೆ ಒಂದು ಮೂಳೆ ಸಿಕ್ಕಿತು. ನಮ್ಮನೆಯವರಿಗೆ ಗೊತ್ತಾಗುವ ಮೊದಲೇ ಬಾಯಲ್ಲಿತ್ತು. ಕೋಳಿ ಮೂಳೆ ಬೆಂದದ್ದಾದರೆ ಸಿಗುರು ಸಿಗುರಾಗಿ ಗಂಟಲಿಗೋ ಕರುಳಿಗೋ ಚುಚ್ಚುತ್ತದೆ. ಅವರ ಜೇಬಲ್ಲಿದ್ದ ತಿಂಡಿಯೂ ಖಾಲಿ. ದಾರಿಹೋಕರೊಬ್ಬರು ಸಹಾಯ ಮಾಡುತ್ತೇನೆ ಅಂತ ಹಿಂದಿನಿಂದ ಬಂದು ಕೊರಳಪಟ್ಟಿ ಹಿಡಿದು ಎಳೆದರು. ಕೆಂಚ ಗಾಬರಿಯಲ್ಲಿ ತಿರುಗಿ ಬಾಯಿ ಹಾಕಿದ. ಹಲ್ಲು ತಾಗಿದ್ದು ಮುಂದೆ ಚಾಚಿದ್ದ ನಮ್ಮನೆಯವರ ಬೆರಳಿಗೆ. ಸಣ್ಣ ಗೀರು, ಒಂದು ಹನಿ ರಕ್ತ.

ಇಲ್ಲಿ ಯಾರೂ ಉದಾಸೀನ ಮಾಡಬಾರದು. ಮನೆ ನಾಯಿಯೇ ಆಗಲಿ, ಲಸಿಕೆ ಆಗಿದ್ದರೂ ಆಗಲಿ, ಹಲ್ಲು ತಾಗಿ ಚರ್ಮ ಹರಿದರೆ ಮೊದಲು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಅರಿಶಿನ, ಸುಣ್ಣ, ಮೆಣಸಿನಪುಡಿ ಏನೂ ಹಚ್ಚಬಾರದು. ಆಮೇಲೆ ನೇರ ಆಸ್ಪತ್ರೆಗೆ. ಸರ್ಕಾರಿ ಆಸ್ಪತ್ರೆಗಳಲ್ಲಿ ರೇಬೀಸ್ ಚುಚ್ಚುಮದ್ದನ್ನು ತೋಳಿನ ಚರ್ಮದೊಳಗೆ ಕೊಡುತ್ತಾರೆ. ಮೊದಲ ದಿನ ಕೊಟ್ಟದ್ದನ್ನು ಸೊನ್ನೆ ಅಂತ ಹಿಡಿದು 3, 7 ಮತ್ತು 28ನೇ ದಿನ ಮತ್ತೆ ಕೊಡುತ್ತಾರೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವ ಹಳೇ ಹೆದರಿಕೆ ಈಗ ಬೇಡ. ಚರ್ಮ ಹರಿದು ರಕ್ತ ಬಂದಿದ್ದರೆ ಗಾಯಕ್ಕೇ ಬೇರೆ ಔಷಧಿ ಕೂಡ ಚುಚ್ಚುತ್ತಾರೆ, ಅದನ್ನು ತಪ್ಪಿಸಬಾರದು. ರೇಬೀಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಮನುಷ್ಯ ಉಳಿಯುವುದು ಇಲ್ಲವೆಂದೇ ಹೇಳಬಹುದು. ನಮ್ಮನೆಯವರು ಎಲ್ಲಾ ಸೂಜಿಯನ್ನೂ ಹಾಕಿಸಿಕೊಂಡರು. ಕೆಂಚನಿಗೆ ಮೂರು ತಿಂಗಳಲ್ಲೇ ಲಸಿಕೆ ಆಗಿತ್ತು, ಅದರ ಚೀಟಿ ಕೈಯಲ್ಲಿತ್ತು ಅನ್ನುವುದು ನಮಗೆ ದೊಡ್ಡ ಸಮಾಧಾನ.

ಅಂದು ರಾತ್ರಿ ನೆಂಟರೊಬ್ಬರು ಫೋನ್ ಮಾಡಿ, "ಎಲ್ಲಾದ್ರೂ ದೂರ ಬಿಟ್ಟು ಬನ್ನಿ" ಅಂದರು. ಫೋನು ತೆಗೆದುಕೊಂಡದ್ದು ಅತ್ತೆ. "ಹಿಂದಿನಿಂದ ಕತ್ತು ಹಿಡಿದ್ರೆ ನಾನೂ ತಿರುಗಿ ಬೀಳ್ತೀನಿ ಕಣಪ್ಪಾ" ಅಂತ ಹೇಳಿ ಇಟ್ಟರು. ನಮ್ಮನೆಯವರೂ ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ಮನೆಯಲ್ಲಿ ಕೆಂಚ ಹಿಂದಕ್ಕೆ ಹೋಗಿದ್ದ. ಗೇಟಿನ ತನಕ ಬರುತ್ತಿದ್ದವರು ಮತ್ತೆ ಊಟದ ಕೋಣೆಯ ಬಾಗಿಲಿಗೆ ಹೋಗಬೇಕಾಯಿತು. ಎರಡನೇ ಸಲ ಬೇಗ ಮುಂದಕ್ಕೆ ಬಂದ. ಡಾಕ್ಟರಮ್ಮ ಬಾಯಿಕುಕ್ಕೆ ರೂಢಿ ಮಾಡಿಸಿ ಅಂದರು. ಬಟ್ಟೆಯದಲ್ಲ, ಉಸಿರಾಡಲು, ನೀರು ಕುಡಿಯಲು ಆಗುವಂಥ ಬುಟ್ಟಿ ಆಕಾರದ್ದು. ಅದರೊಳಗೆ ಮೊಸರು ಸವರಿ ತಾನಾಗೇ ಮೂತಿ ಇಡುವ ಹಾಗೆ ಕಲಿಸಿದೆವು. ಮಾಂಸದ ಅಂಗಡಿ ಇರುವ ರಸ್ತೆಗೆ ಹೋಗುವಾಗ ಈಗ ಅದೇ.

ಕೆಂಚನಿಗೆ ಒಂದೂವರೆ ವರ್ಷ ಆಗುತ್ತಾ ಬಂತು. ತಟ್ಟೆ ಹತ್ತಿರ ದೊಡ್ಡವರು ಯಾರು ಹೋದರೂ ಬಾಲ ಅಲ್ಲಾಡಿಸಿ ಪಕ್ಕಕ್ಕೆ ಸರಿಯುತ್ತಾನೆ. ಬೀಜ ತೆಗೆಸಿದ್ದೇವೆ. ಅದರಿಂದ ಈ ಗುಣ ಹೋಯಿತು ಅಂತ ಕೆಲವರು ಅನ್ನುತ್ತಾರೆ, ಇಲ್ಲ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಆ ಹೊತ್ತಿಗೆ ಪಾಠ ಮುಗಿದೇ ಹೋಗಿತ್ತು. ಮೂಳೆ ಮಾತ್ರ ಈಗಲೂ ಕಷ್ಟ. ಹಸಿ ಮೂಳೆ ಕೊಡುವ ದಿನ ವರಾಂಡಾದ ಬಾಗಿಲು ಹಾಕಿ ಕೊಡುತ್ತೇವೆ, ಬೇರೆ ಬಾಗಿಲಿಗೆ ಕರೆದು ತಿಂಡಿ ಕೊಟ್ಟ ಮೇಲೆ ಉಳಿದದ್ದನ್ನು ಎತ್ತುತ್ತೇವೆ. ಅದನ್ನೂ ಬಿಡಿಸಲೇಬೇಕು ಅನ್ನುವ ಹಟ ನಮಗಿಲ್ಲ.

ನಿಮ್ಮ ಮರಿ ಗುರ್ ಅನ್ನುವುದನ್ನು ದಾಟಿ ಆಗಲೇ ಕಚ್ಚಿದ್ದರೆ, ಅಥವಾ ತಟ್ಟೆ ಖಾಲಿ ಇದ್ದರೂ, ಸುಮ್ಮನೆ ಕೋಣೆಗೆ ಕಾಲಿಟ್ಟರೂ ಮೇಲೆ ಬೀಳುತ್ತಿದ್ದರೆ, ಇದನ್ನು ಓದಿಕೊಂಡು ಒಬ್ಬರೇ ಶುರು ಮಾಡಬೇಡಿ. ಪಶುವೈದ್ಯರನ್ನು ನೋಡಿ. ಅವರು ಹೇಳುವ ತರಬೇತುದಾರರನ್ನು ಕರೆಸುವ ಮೊದಲು ಒಂದು ಪ್ರಶ್ನೆ ಕೇಳಿ: ನಾಯಿ ಗುರ್ ಅಂದರೆ ನೀವು ಏನು ಮಾಡುತ್ತೀರಿ? ಹೊಡೆಯುತ್ತೇನೆ, ಎಳೆಯುತ್ತೇನೆ, ಒತ್ತಿ ಹಿಡಿಯುತ್ತೇನೆ ಅಂದರೆ ಬೇರೆಯವರನ್ನು ಹುಡುಕಿ.

ದೀಪಾವಳಿಗೆ ನಾದಿನಿ ಬರುತ್ತಿದ್ದಾಳೆ. ಅವಳ ಮಗ ಈಗಷ್ಟೇ ಅಂಬೆಗಾಲಿಡುತ್ತಿದ್ದಾನೆ, ಕೈಗೆ ಸಿಕ್ಕಿದ್ದೆಲ್ಲ ಹಿಡಿಯುವ ವಯಸ್ಸು. ಅವರು ಇರುವಷ್ಟು ದಿನ ಕೆಂಚನ ಊಟ ಮಹಡಿ ಮೇಲಿನ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. ಚೆಂಡು ಎರಡೂ ಬೀರುವಿನ ಒಳಗೆ. ಈ ವಾರದಿಂದಲೇ ಅಲ್ಲಿ ತಟ್ಟೆ ಇಟ್ಟು ರೂಢಿ ಮಾಡಿಸುತ್ತಿದ್ದೇವೆ.